ಹಾಳೆ ಗಟ್ಟಿ, ಲೇಪದ್ದೇ ತಕರಾರು: ಹಳೆಯ ಕಾಗದಕ್ಕೆ ಎಂಥ ಪ್ಲಾಸ್ಟಿಕ್ ಹೊದಿಸಬೇಕು?

ಕಳೆದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಕಾಸರಗೋಡಿನ ಬದಿಯಡ್ಕದ ಹತ್ತಿರ ಇರುವ ಸೋದರಮಾವನ ಮನೆಗೆ ಹೋಗಿದ್ದೆ. ಮಳೆ ಬಿಡುವ ಲಕ್ಷಣವೇ ಇರಲಿಲ್ಲ. ಹೊತ್ತು ಹೋಗಬೇಕಲ್ಲ, ಮಾವ ಅಟ್ಟದಿಂದ ಒಂದು ತಗಡಿನ ಪೆಟ್ಟಿಗೆ ಇಳಿಸಿದರು. ಒಳಗೆ ಒಂದು ಕಟ್ಟು ತಾಳೆಗರಿ, ಜಾಗದ ಹಳೆಯ ದಸ್ತಾವೇಜುಗಳು, ಅಜ್ಜ ಕೈಯಲ್ಲಿ ಬರೆದಿಟ್ಟ ಯಕ್ಷಗಾನ ಪ್ರಸಂಗದ ಪುಸ್ತಕ.

ತಾಳೆಗರಿಗೆ ಏನೂ ಆಗಿರಲಿಲ್ಲ. ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟಿದ್ದ ದಸ್ತಾವೇಜು ಕಂದು ಬಣ್ಣಕ್ಕೆ ತಿರುಗಿತ್ತು, ಆದರೂ ಓದಬಹುದಿತ್ತು. ಹಾಳಾಗಿದ್ದದ್ದು ಪ್ರಸಂಗದ ಹನ್ನೊಂದು ಹಾಳೆ ಮಾತ್ರ. ಸುಮಾರು ಹದಿನೈದು ವರ್ಷದ ಹಿಂದೆ ಪೇಟೆಗೆ ಕೊಂಡುಹೋಗಿ ಲ್ಯಾಮಿನೇಷನ್ ಮಾಡಿಸಿದ ಹಾಳೆಗಳು ಅವು. ಅಂಚಿನಲ್ಲಿ ಗುಳ್ಳೆ ಎದ್ದಿತ್ತು. ಪ್ಲಾಸ್ಟಿಕ್ಕಿನ ಒಳಗೇ ಬೂಸ್ಟಿನ ಚುಕ್ಕೆಗಳು. ನೀಲಿ ಇಂಕು ಹಬ್ಬಿ ಅಕ್ಷರಕ್ಕೆ ಅಕ್ಷರ ಅಂಟಿಕೊಂಡ ಹಾಗೆ ಕಾಣುತ್ತಿತ್ತು.

"ಒಳ್ಳೆಯ ಪದ ಇರುವ ಹಾಳೆ ಅಂತ ಮೊದಲು ಇದನ್ನೇ ಮಾಡಿಸಿದ್ದು ಮಾರಾಯ. ಉಳಿದದ್ದಕ್ಕೆ ಆಮೇಲೆ ದುಡ್ಡು ಹೊಂದಿಸುವ ಅಂತ ಬಿಟ್ಟೆ" ಅಂದರು ಮಾವ. ಬಿಟ್ಟದ್ದೇ ಬಚಾವಾಯಿತು.

ಅಂಗಡಿಯವನದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಅವನು ಕೇಳಿದ ಕೆಲಸ ಮಾಡಿದ. ಆದರೆ ಈ ಪ್ರಶ್ನೆ ಈಗ ಮಾವನ ಅಟ್ಟಕ್ಕೆ ಮಾತ್ರ ಸೇರಿದ್ದಲ್ಲ. 2003ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಹಸ್ತಪ್ರತಿ ಮಿಷನ್ ಶುರು ಮಾಡಿತ್ತು. 2025ರ ಬಜೆಟ್ಟಿನಲ್ಲಿ ಜ್ಞಾನ ಭಾರತಂ ಎಂಬ ಹೊಸ ಯೋಜನೆ ಬಂತು. ಒಂದು ಕೋಟಿಗಿಂತ ಜಾಸ್ತಿ ಹಸ್ತಪ್ರತಿಗಳನ್ನು ಗುರುತಿಸಿ, ದಾಖಲಿಸಿ, ಉಳಿಸುವುದು ಅದರ ಗುರಿ. ಗ್ರಂಥಾಲಯ, ಮ್ಯೂಸಿಯಂ ಜೊತೆಗೆ ಮನೆಗಳಲ್ಲಿರುವ ಸಂಗ್ರಹವೂ ಇದರಲ್ಲಿ ಸೇರಿದೆ. ಹೀಗಾಗಿ ಅಟ್ಟದಲ್ಲಿ ಮಲಗಿದ್ದ ಪೆಟ್ಟಿಗೆಗಳು ಕೆಳಗಿಳಿಯುತ್ತವೆ, ಫೋಟೋ ತೆಗೆಸಿಕೊಳ್ಳುತ್ತವೆ. ಅದು ಒಳ್ಳೆಯದೇ. ಫೋಟೋ ತೆಗೆದಾದ ಮೇಲೆ ಮೂಲ ಹಾಳೆಯನ್ನು ಯಾವುದರಲ್ಲಿ ಹಾಕಿಡುವುದು? ಅಲ್ಲಿಗೆ ಬಂದಾಗ ಕೈ ಮೊದಲು ಹೋಗುವುದು ಪ್ಲಾಸ್ಟಿಕ್ಕಿಗೆ.

ಕಾಸರಗೋಡಿನವರಿಗೆ ಇದು ಇನ್ನೂ ಸ್ವಲ್ಪ ಹತ್ತಿರದ ವಿಷಯ. 1956ರ ನವೆಂಬರ್ 1ರ ತನಕ ನಾವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದೆವು. ಆ ಕಾಲದ ದಸ್ತಾವೇಜು, ಶಾಲೆಯ ದಾಖಲೆ, ಮಠ ದೇವಸ್ಥಾನಗಳ ಲೆಕ್ಕ ಎಷ್ಟೋ ಕನ್ನಡದಲ್ಲೇ ಇವೆ. ಈಗ ಅವು ಇರುವುದು ಕೇರಳದಲ್ಲಿ. ಆಚೆಯ ಕರ್ನಾಟಕದವರಿಗೆ ನಾವು ಈಚೆಯವರು, ಈಚೆಯ ಮಲಯಾಳದವರಿಗೆ ಕನ್ನಡದ ಕಾಗದ ಓದಲಿಕ್ಕೆ ಬರುವುದಿಲ್ಲ. ಉಳಿಸುವ ಕೆಲಸ ಮನೆಯವರ ಮೇಲೆ, ಊರ ಗ್ರಂಥಾಲಯದ ಮೇಲೆ ಬೀಳುತ್ತದೆ. ಅವರಿಗೆ ಸಿಗುವ ಪ್ಲಾಸ್ಟಿಕ್ ಎಂದರೆ ಪೇಟೆಯ ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್.

ಪಾಲಿಯೆಸ್ಟರ್ ಒಳ್ಳೆಯದು, ಆದರೆ ಯಾವ ಪಾಲಿಯೆಸ್ಟರ್?

ಮ್ಯೂಸಿಯಂನವರನ್ನು ಕೇಳಿದರೆ ಒಂದೇ ಉತ್ತರ ಬರುತ್ತದೆ: ಪಾಲಿಯೆಸ್ಟರ್ ಫಿಲ್ಮ್ ಬಳಸಿ. ಇದರ ಪೂರ್ತಿ ಹೆಸರು ಪಾಲಿಎಥಿಲೀನ್ ಟೆರೆಫ್ತಾಲೇಟ್, ಚಿಕ್ಕದಾಗಿ ಪೆಟ್. 1941ರಲ್ಲಿ ಇಂಗ್ಲೆಂಡಿನಲ್ಲಿ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬಿಬ್ಬರು ಇದನ್ನು ಮಾಡಿದರು. ಮೈಲಾರ್, ಮೆಲಿನೆಕ್ಸ್ ಎಂಬ ಹೆಸರಲ್ಲಿ ಫಿಲ್ಮ್ ಆಗಿ ಬಂತು. ನೀರಿನ ಬಾಟಲಿಯೂ ಅದೇ, ಪಾಲಿಯೆಸ್ಟರ್ ಸೀರೆಯೂ ಅದೇ. ಮೆತ್ತಗಾಗಲಿಕ್ಕೆ ಇದಕ್ಕೆ ಎಣ್ಣೆಯಂಥ ಪದಾರ್ಥ ಸೇರಿಸಬೇಕಾಗಿಲ್ಲ. ಆಮ್ಲ ಬಿಡುವುದಿಲ್ಲ ಅನ್ನುವಷ್ಟು ಕಮ್ಮಿ. ಪಾಲಿಯೆಸ್ಟರ್ ಹಾಳೆಯ ಮೇಲೆ ತೆಗೆದ ಮೈಕ್ರೋಫಿಲ್ಮನ್ನು, ಅಂದರೆ ದಾಖಲೆಗಳನ್ನು ಚಿಕ್ಕದು ಮಾಡಿ ತೆಗೆದ ಫಿಲ್ಮನ್ನು, ಸರಿಯಾದ ಕೋಣೆಯಲ್ಲಿಟ್ಟರೆ 500 ವರ್ಷ ಬಾಳುತ್ತದೆ ಎಂಬ ಲೆಕ್ಕದಲ್ಲಿ ವರ್ಗೀಕರಿಸುತ್ತಾರೆ.

ಇಲ್ಲಿಗೆ ಮಾತು ಮುಗಿದರೆ ಈ ಲೇಖನವೇ ಬೇಡವಿತ್ತು. ತೊಂದರೆ ಏನೆಂದರೆ, ಪಾಲಿಯೆಸ್ಟರ್ ಫಿಲ್ಮ್ ಮಾಡುವವರಿಗೆ ಮ್ಯೂಸಿಯಂ ದೊಡ್ಡ ಗಿರಾಕಿ ಅಲ್ಲ. ಚಿಪ್ಸ್, ಕಾಫಿಪುಡಿ ಪ್ಯಾಕ್ ಮಾಡುವವರು, ಸ್ಟಿಕ್ಕರ್ ಮಾಡುವವರು, ಮುದ್ರಣದವರು, ಕರೆಂಟಿನ ಸಾಮಾನು ಮಾಡುವವರು ದೊಡ್ಡ ಗಿರಾಕಿಗಳು. ಅವರಿಗೆ ಬರೀ ಪಾಲಿಯೆಸ್ಟರಿನಲ್ಲಿ ನೂರು ಕೊರತೆ ಕಾಣುತ್ತದೆ. ಅದರ ಮೇಲೆ ಶಾಯಿ ಸರಿಯಾಗಿ ಕೂರುವುದಿಲ್ಲ. ಬಿಸಿ ಮಾಡಿದರೆ ಸುಲಭಕ್ಕೆ ಅಂಟುವುದಿಲ್ಲ. ಉಜ್ಜಿದರೆ ಕೂದಲೆಳೆ, ಧೂಳು ಎಲ್ಲ ಎಳೆದುಕೊಳ್ಳುತ್ತದೆ. ಗಾಳಿಯನ್ನು ಪೂರ್ತಿ ತಡೆಯುವುದಿಲ್ಲ. ಈ ಒಂದೊಂದು ಕೊರತೆಗೂ ಒಂದೊಂದು ಲೇಪ ಹುಟ್ಟಿದೆ. ನೋಡಲಿಕ್ಕೆ ಎಲ್ಲ ಒಂದೇ, ಗಾಜಿನ ಹಾಗೆ ಸ್ವಚ್ಛ. ಲೇಪದ ದಪ್ಪ ಮೈಕ್ರಾನಿನ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ಲೆಕ್ಕದಲ್ಲಿ, ಕೆಲವು ಅದಕ್ಕಿಂತಲೂ ತೆಳು. ಆದರೆ ಅಜ್ಜನ ಕೈಬರಹಕ್ಕೆ ತಾಗುವುದು ಪಾಲಿಯೆಸ್ಟರ್ ಅಲ್ಲ, ಆ ಲೇಪ.

ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸಿನ ಬೇಡಿಕೆ ಇದೇ ಕಾರಣಕ್ಕೆ ಕಟ್ಟುನಿಟ್ಟು. ಪಾಲಿಯೆಸ್ಟರ್ ಆದರೆ ಸಾಲದು. ಮೇಲ್ಮೈಯಲ್ಲಿ ಲೇಪ ಇರಬಾರದು, ಮೆತ್ತಗಾಗಿಸುವ ಪದಾರ್ಥ ಇರಬಾರದು, ಬಿಸಿಲಿನ ಅತಿನೇರಳೆ ಕಿರಣ ಹೀರುವ ರಾಸಾಯನಿಕವೂ ಇರಬಾರದು. ಸುಮ್ನೆ ಪಾಲಿಯೆಸ್ಟರ್, ಅಷ್ಟೇ.

ಟೇಪ್ ಹೇಳುವ ಕಥೆ

ಲೇಪ ಎಂದರೆ ಏಕೆ ಇಷ್ಟು ಹೆದರಿಕೆ ಎಂದು ಕೇಳುವವರಿಗೆ ನಾನು ಹಳೆಯ ಸ್ಪೂಲ್ ಟೇಪ್ ತೋರಿಸುತ್ತೇನೆ. ನಮ್ಮ ಕಡೆ ತಾಳಮದ್ದಳೆ, ಬಯಲಾಟ ರೆಕಾರ್ಡ್ ಮಾಡಿಟ್ಟ ಟೇಪುಗಳು ಕೆಲವರ ಹತ್ತಿರ ಈಗಲೂ ಇವೆ. ಟೇಪ್ ಎಂದರೇನು? ಲೇಪ ಹಾಕಿದ ಪ್ಲಾಸ್ಟಿಕ್ ಫಿಲ್ಮ್. ಕೆಳಗೆ ಪಾಲಿಯೆಸ್ಟರ್, ಮೇಲೆ ಕಬ್ಬಿಣದ ಆಕ್ಸೈಡಿನ ಪುಡಿ, ಎರಡನ್ನೂ ಹಿಡಿದಿಡುವ ಅಂಟು.

1970, 80ರ ದಶಕದ ಎಷ್ಟೋ ಸ್ಪೂಲ್ ಟೇಪುಗಳಲ್ಲಿ ಈ ಅಂಟು ಗಾಳಿಯ ತೇವ ಕುಡಿದು ಕರಗತೊಡಗಿತು. ಯಂತ್ರಕ್ಕೆ ಹಾಕಿದರೆ ಕಿರ್ ಎಂದು ಕಿರುಚುತ್ತದೆ, ಕಂದು ಅಂಟು ಹೆಡ್ಡಿಗೆ ಮೆತ್ತುತ್ತದೆ. ಸುಮಾರು 50 ಡಿಗ್ರಿ ಬಿಸಿಯಲ್ಲಿ ಗಂಟೆಗಟ್ಟಲೆ ಬೇಯಿಸಿದ ಹಾಗೆ ಇಟ್ಟರೆ ಸ್ವಲ್ಪ ದಿನ ಓಡುತ್ತದೆ, ಅಷ್ಟರಲ್ಲಿ ಕಾಪಿ ಮಾಡಿಕೊಳ್ಳಬೇಕು. ಇಲ್ಲಿ ಗಮನಿಸಬೇಕಾದ್ದು ಇಷ್ಟು: ಪಾಲಿಯೆಸ್ಟರಿಗೆ ಏನೂ ಆಗಿರುವುದಿಲ್ಲ. ಎಳೆದರೆ ತುಂಡಾಗದಷ್ಟು ಗಟ್ಟಿ ಇರುತ್ತದೆ. ಹೋದದ್ದು ಲೇಪ. ಹೋಗುವಾಗ ಭಾಗವತರ ಸ್ವರವನ್ನೂ ಕೊಂಡುಹೋಯಿತು.

ಮೈಕ್ರೋಫಿಲ್ಮಿನದ್ದೂ ಅದೇ. 500 ವರ್ಷದ ಪಾಲಿಯೆಸ್ಟರ್ ಮೇಲೆ ಜೆಲಾಟಿನ್ (ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಅಂಟು) ಲೇಪ. ಬೂಸ್ಟಿಗೆ ಜೆಲಾಟಿನ್ ಎಂದರೆ ಹಬ್ಬದೂಟ. ಕಾಸರಗೋಡಿನ ಜುಲೈ ತಿಂಗಳಲ್ಲಿ ಹಾಗೇ ಬಿಟ್ಟರೆ 500 ವರ್ಷದ ಮಾತು ಹಾಗಿರಲಿ, ಐದು ಮಳೆಗಾಲ ದಾಟುವುದು ಕಷ್ಟ.

ಯಾವ ಲೇಪದ್ದು ಯಾವ ಬುದ್ಧಿ

ಎಲ್ಲ ಲೇಪವೂ ಒಂದೇ ಥರ ಕೆಟ್ಟದ್ದಲ್ಲ. ಕೆಲವು ಅಪಾಯ, ಕೆಲವು ಕಿರಿಕಿರಿ.

ನನ್ನ ಲೆಕ್ಕದಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಕ್ಲೋರಿನ್ ಇರುವುದು. ಪಿವಿಡಿಸಿ ಎಂಬ ಲೇಪವನ್ನು ತೇವ ಮತ್ತು ಗಾಳಿ ತಡೆಯಲಿಕ್ಕೆ ಹಾಕುತ್ತಾರೆ. ಮಾತ್ರೆಗಳ ಸ್ಟ್ರಿಪ್ ಇದೆಯಲ್ಲ, ಅದರ ಗುಳ್ಳೆ ಮಾಡುವ ಪ್ಲಾಸ್ಟಿಕ್ ಸಾಮಾನ್ಯವಾಗಿ ಪಿವಿಸಿ, ಕೆಲವದಕ್ಕೆ ಪಿವಿಡಿಸಿ ಲೇಪ ಇರುತ್ತದೆ. ಮಾತ್ರೆಗೆ ಎರಡು ಮೂರು ವರ್ಷ ಬಾಳಿದರೆ ಸಾಕು. ಕಾಗದಕ್ಕೆ ಸಾಲದು. ಕಾಲ ಕಳೆದಂತೆ ಈ ಜಾತಿಯ ಪ್ಲಾಸ್ಟಿಕ್ ಒಡೆದು ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ. ಕಾಗದದ ನಾರನ್ನು ಕತ್ತರಿಸುವುದೇ ಆಮ್ಲ. ಹಳೆಯ ಸೆಲೋಫೇನ್ ಹಾಳೆಗಳಲ್ಲಿ ನೈಟ್ರೋಸೆಲ್ಯುಲೋಸ್ ಲೇಪ ಇರುತ್ತಿತ್ತು. ಅದೂ ಆಮ್ಲದ ಅಣ್ಣತಮ್ಮನೇ.

ಪಿವಿಸಿಯ ಕಥೆ ನಮಗೆಲ್ಲ ಗೊತ್ತಿರುವುದೇ, ಹೆಸರು ಗೊತ್ತಿಲ್ಲ ಅಷ್ಟೇ. ಫೈಲಿನ ಮೆತ್ತಗಿನ ಪ್ಲಾಸ್ಟಿಕ್ ಜೇಬಲ್ಲಿ ಜೆರಾಕ್ಸ್ ಕಾಪಿ ಇಟ್ಟು ನಾಲ್ಕು ವರ್ಷ ಬಿಟ್ಟು ತೆಗೆದರೆ ಅಕ್ಷರವೆಲ್ಲ ಕವರಿಗೆ ಅಂಟಿ ಉಲ್ಟಾ ಕಾಣುತ್ತದೆ, ಅಲ್ವಾ? ಪಿವಿಸಿ ಮೆತ್ತಗಿರಲಿ ಎಂದು ಸೇರಿಸಿದ ಎಣ್ಣೆಯಂಥ ಪದಾರ್ಥ ಹೊರಗೆ ಬಂದು ಟೋನರನ್ನು ಕರಗಿಸಿದ್ದು ಅದು. ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟಿನ ಪುಸ್ತಕ ಇಟ್ಟ ಕವರ್ ಹೀಗೇ ಅಂಟಂಟು ಆಗುವುದನ್ನು ನೋಡಿದವರು ಆ ಕವರಲ್ಲಿ ತಾಳೆಗರಿ ಹಾಕಲಿಕ್ಕಿಲ್ಲ.

ಎರಡನೆಯದು ನೀರು ಕುಡಿಯುವ ಲೇಪ. ಓಎಚ್‌ಪಿ ಶೀಟ್, ಅಂದರೆ ಪ್ರೊಜೆಕ್ಟರಿನಲ್ಲಿಟ್ಟು ಪರದೆಯ ಮೇಲೆ ತೋರಿಸುವ ಪಾರದರ್ಶಕ ಹಾಳೆ, ಇದಕ್ಕೆ ಒಳ್ಳೆಯ ಉದಾಹರಣೆ. ಸ್ವಚ್ಛವಾದ ಪಾಲಿಯೆಸ್ಟರ್ ಹಾಳೆ ಬೇಕು ಎಂದು ಪೇಟೆಯಲ್ಲಿ ಹುಡುಕಿದವರಿಗೆ ಕೊನೆಗೆ ಸಿಗುವುದು ಇದೇ. ಕೆಲವು ಕಡೆ ಇದನ್ನೇ ಮಡಚಿ ಹಳೆಯ ಫೋಟೋಗಳಿಗೆ ಜೇಬು ಮಾಡಿದ್ದನ್ನು ನಾನು ನೋಡಿದ್ದೇನೆ. ಇಂಕ್‌ಜೆಟ್ ಪ್ರಿಂಟರಿಗೆ ಮಾಡಿದ ಶೀಟಿನ ಒಂದು ಬದಿಗೆ ಶಾಯಿ ಹೀರುವ ಲೇಪ ಇರುತ್ತದೆ. ಒದ್ದೆ ಬೆರಳು ಮುಟ್ಟಿಸಿ ನೋಡಿ, ಆ ಬದಿ ಅಂಟುತ್ತದೆ. ಹೀರುವುದೇ ಅದರ ಕಸುಬು. ಮಳೆಗಾಲದಲ್ಲಿ ಅದು ಗಾಳಿಯ ತೇವವನ್ನೇ ಹೀರಿ ಉಬ್ಬಿ ಫೋಟೋಗೆ ಕಚ್ಚಿಕೊಳ್ಳುತ್ತದೆ. ಫೋಟೋದ ಮೈಯೂ ಜೆಲಾಟಿನ್. ಆಮೇಲೆ ಎರಡನ್ನೂ ಬಿಡಿಸುವುದು ಎಂದರೆ ದೋಸೆ ಹಿಡಿದ ಕಾವಲಿ ಕೆರೆದ ಹಾಗೆ.

ಧೂಳು ಎಳೆಯದ ಹಾಗೆ ಹಾಕುವ ಆಂಟಿಸ್ಟಾಟಿಕ್ ಲೇಪದ್ದು ವಿಚಿತ್ರ ಸಂಗತಿ. ಇಂಥ ಲೇಪಗಳಲ್ಲಿ ಹೆಚ್ಚಿನವು ಕೆಲಸ ಮಾಡುವುದೇ ಗಾಳಿಯ ತೇವವನ್ನು ಒಂದು ಪದರದಂತೆ ಮೇಲೆ ಹಿಡಿದುಕೊಂಡು. ಒಣ ಹವೆಯ ದೇಶದಲ್ಲಿ ಕೂತು ಇದನ್ನು ಶಿಫಾರಸು ಮಾಡುವವರಿಗೆ ನಮ್ಮ ಜೂನ್ ತಿಂಗಳ ಪರಿಚಯ ಇಲ್ಲ. ಹಾಗಂತ ಲೇಪ ಇಲ್ಲದ ಪಾಲಿಯೆಸ್ಟರ್ ಎಲ್ಲದಕ್ಕೂ ಆಗುತ್ತದೆ ಎಂದೂ ಅಲ್ಲ. ಅದರ ಸೆಳೆತಕ್ಕೆ ಇದ್ದಿಲಲ್ಲಿ ಬರೆದ ಚಿತ್ರ, ಪುಡಿ ಉದುರುವ ಬಣ್ಣ ಎದ್ದು ಬರುತ್ತವೆ. ಅಂಥದ್ದಕ್ಕೆ ಪ್ಲಾಸ್ಟಿಕ್ಕೇ ಬೇಡ, ಕಾಗದದ ಮಡಿಕೆ ಸಾಕು.

ಕೆಲವು ರೋಲುಗಳಿಗೆ "ಕರೋನಾ ಟ್ರೀಟೆಡ್" ಎಂಬ ಚೀಟಿ ಇರುತ್ತದೆ. ರೋಗದ ಕಾಲದ್ದಲ್ಲ, ಹಳೆಯ ಶಬ್ದವೇ. ವಿದ್ಯುತ್ ಕಿಡಿಗಳ ಅಡಿಯಲ್ಲಿ ಫಿಲ್ಮನ್ನು ಓಡಿಸಿ ಅದರ ಮೈಗೆ ಶಾಯಿ, ಅಂಟು ಚೆನ್ನಾಗಿ ಹಿಡಿಯುವ ಹಾಗೆ ಮಾಡಿರುತ್ತಾರೆ. ಇದು ಲೇಪವಲ್ಲ. ಆದರೂ ನಮಗೆ ಬೇಕಾದ್ದು ಅಂಟದ ಮೈ, ಇದು ಅಂಟುವ ಮೈ.

ಅಂಟೇ ಲೇಪವಾದಾಗ

ಈಗ ಮಾವನ ಹನ್ನೊಂದು ಹಾಳೆಗೆ ಬರುವ. ಲ್ಯಾಮಿನೇಷನ್ ಕವರ್ ಕೂಡ ಲೇಪ ಹಾಕಿದ ಫಿಲ್ಮೇ. ಹೊರಗೆ ಪಾಲಿಯೆಸ್ಟರ್, ಒಳಗೆ ಬಿಸಿಗೆ ಕರಗುವ ಅಂಟು. ಸಾಮಾನ್ಯವಾಗಿ ಅದು ಇವಿಎ, ಅಂದರೆ ಎಥಿಲೀನ್ ವಿನೈಲ್ ಅಸಿಟೇಟ್. ಅಂಗಡಿಯವರು 125 ಮೈಕ್ರಾನ್, 250 ಮೈಕ್ರಾನ್ ಎಂದು ಹೇಳುವ ದಪ್ಪದಲ್ಲಿ ದೊಡ್ಡ ಪಾಲು ಈ ಅಂಟಿನದ್ದು. ನೂರು ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲಿ ಅದು ಕರಗಿ ಕಾಗದದ ನಾರಿನೊಳಗೆ ಇಳಿಯುತ್ತದೆ.

ಇವಿಎ ಹಳತಾದಾಗ ಏನಾಗುತ್ತದೆ ಎಂದು ತಿಳಿಯಲಿಕ್ಕೆ ಮ್ಯೂಸಿಯಂಗೆ ಹೋಗಬೇಕಾಗಿಲ್ಲ. ಸೋಲಾರ್ ಪ್ಯಾನೆಲಿನ ಗಾಜಿನ ಕೆಳಗೆ ಅಂಟಿಗೆ ಬಳಸುವುದು ಇದನ್ನೇ. ಬಿಸಿಲಿಗೆ ಹಳದಿ ಕಟ್ಟುವುದು, ಅಸಿಟಿಕ್ ಆಮ್ಲ ಅಂದರೆ ವಿನಿಗರಿನ ಹುಳಿ ಬಿಡುವುದು ಆ ಉದ್ಯಮದವರಿಗೆ ಹಳೆಯ ತಲೆನೋವು. ಪೆಟ್ಟಿಗೆಯೊಳಗೆ ಬಿಸಿಲಿಲ್ಲ, ಹಾಗಾಗಿ ನಿಧಾನ. ಆದರೆ ಹುಳಿ ಹುಳಿಯೇ, ಮತ್ತು ಅದಕ್ಕೆ ಹೊರಗೆ ಹೋಗಲಿಕ್ಕೆ ದಾರಿ ಇಲ್ಲ.

ಅದಕ್ಕಿಂತ ದೊಡ್ಡ ತಕರಾರು, ಇದನ್ನು ಬಿಡಿಸಲಿಕ್ಕೆ ಆಗುವುದಿಲ್ಲ. ಗಲ್ಫಿಗೆ ಹೋಗುವವರು ಇದ್ದ ಮನೆಗಳಲ್ಲಿ ಈ ಪಾಠ ಆಗಲೇ ಆಗಿದೆ. ಲ್ಯಾಮಿನೇಷನ್ ಮಾಡಿದ ಸರ್ಟಿಫಿಕೇಟು ತಂದರೆ ಅಟೆಸ್ಟೇಷನ್ ಆಗುವುದಿಲ್ಲ. ಮುದ್ರೆ ಒತ್ತಲಿಕ್ಕೆ ಕಾಗದ ಸಿಗಬೇಕಲ್ಲ! ಬಿಡಿಸಲಿಕ್ಕೆ ಹೋಗಿ ಹರಿದುಕೊಂಡವರು ಎಷ್ಟೋ ಜನ. ಜಾಗದ ದಸ್ತಾವೇಜಿಗೂ ಇದೇ ಮಾತು. ಮಲಯಾಳದಲ್ಲಿ ಅದನ್ನು ಆಧಾರಂ ಎನ್ನುತ್ತಾರೆ. ನಮ್ಮ ಕಡೆ "ಆಧಾರ ಲ್ಯಾಮಿನೇಷನ್ ಮಾಡಿಸಿದೆ" ಎಂದು ಯಾರಾದರೂ ಹೇಳಿದರೆ, ಕಾರ್ಡಾ ಕಾಗದವಾ ಎಂದು ಕೇಳಿಯೇ ಮುಂದೆ ಮಾತಾಡಬೇಕು. ಕಾರ್ಡಾದರೆ ಚಿಂತೆ ಇಲ್ಲ.

ಇಷ್ಟಾಗಿಯೂ ಮಾವನನ್ನು ನಾನು ದೂರುವುದಿಲ್ಲ. ದೊಡ್ಡ ದೊಡ್ಡವರೇ ಈ ದಾರಿಯಲ್ಲಿ ಹೋಗಿ ಬಂದಿದ್ದಾರೆ. 1930ರ ದಶಕದಲ್ಲಿ ಅಮೆರಿಕದ ವಿಲಿಯಂ ಬ್ಯಾರೋ ಬಿಸಿ ಮತ್ತು ಒತ್ತಡ ಕೊಟ್ಟು ದಾಖಲೆಗಳಿಗೆ ಸೆಲ್ಯುಲೋಸ್ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಹಾಳೆ ಅಂಟಿಸುವುದನ್ನು ಶುರು ಮಾಡಿದರು. ಬೆಲೆಕಟ್ಟಲಾಗದ ಎಷ್ಟೋ ಕಡತಗಳು ಆ ಯಂತ್ರದೊಳಗೆ ಹೋದವು. ನಮ್ಮ ರಾಷ್ಟ್ರೀಯ ಪತ್ರಾಗಾರದವರು 1950ರ ದಶಕದಲ್ಲಿ ಇದಕ್ಕೊಂದು ಸುಲಭದ ದಾರಿ ಕಂಡುಕೊಂಡರು. ಯಂತ್ರ ಬೇಡ, ಕರೆಂಟು ಬೇಡ. ಹಾಳೆಯ ಎರಡೂ ಬದಿಗೆ ತೆಳು ಅಸಿಟೇಟ್, ಅದರ ಮೇಲೆ ಟಿಶ್ಯು ಕಾಗದ ಇಟ್ಟು ಅಸಿಟೋನ್ ಅದ್ದಿದ ಹತ್ತಿಯಿಂದ ಒರೆಸಿದರೆ ಅಸಿಟೇಟ್ ಕರಗಿ ಕೂರುತ್ತದೆ. ಬಡ ದೇಶಕ್ಕೆ ತಕ್ಕ ಜಾಣ ಉಪಾಯ. ಅಸಿಟೋನಿನಲ್ಲೇ ಮತ್ತೆ ಬಿಡಿಸಲಿಕ್ಕೂ ಬರುತ್ತದೆ ಎಂಬುದು ಅದರ ದೊಡ್ಡ ಗುಣ. ಅಂಗಡಿಯ ಲ್ಯಾಮಿನೇಷನ್ನಿಗೆ ಆ ಗುಣ ಇಲ್ಲ.

ಆದರೆ ಅಸಿಟೇಟೂ ಹುಳಿಯಾಗುವ ಜಾತಿಯದ್ದು. ಸಿನಿಮಾ ರೀಲುಗಳು ವಿನಿಗರ್ ವಾಸನೆ ಹೊಡೆದು ಸುರುಟಿಕೊಳ್ಳುವ ರೋಗವನ್ನು ಕೊಡಾಕ್ ಕಂಪನಿಗೆ ಮೊದಲು ವರದಿ ಮಾಡಿದ್ದು ಭಾರತ ಸರ್ಕಾರ ಎಂಬುದು ಈ ಇತಿಹಾಸದ ಒಂದು ತಮಾಷೆ. ಶೀತ ದೇಶದಲ್ಲಿ ಐವತ್ತು ವರ್ಷಕ್ಕೆ ಕಾಣುವ ರೋಗ ಇಲ್ಲಿನ ಸೆಕೆಗೆ, ತೇವಕ್ಕೆ ಹತ್ತು ವರ್ಷದೊಳಗೆ ಕಂಡಿತು. ಯಾವ ಪ್ಲಾಸ್ಟಿಕ್ಕೇ ಬರಲಿ, ನಮ್ಮ ಹವೆಯೇ ಅದರ ಮೊದಲ ಪರೀಕ್ಷಕ.

ಹಾಗೆಯೇ ಮೃತಸಮುದ್ರದ ಸುರುಳಿಗಳು. ಎರಡು ಸಾವಿರ ವರ್ಷ ಗುಹೆಯಲ್ಲಿ ಬಾಳಿದ ಚರ್ಮದ ಹಾಳೆಗಳ ತುಂಡುಗಳನ್ನು 1950ರ ದಶಕದಲ್ಲಿ ವಿದ್ವಾಂಸರು ಪಾರದರ್ಶಕ ಟೇಪಿನಿಂದ ಜೋಡಿಸಿದರು. ಆ ಅಂಟು ಚರ್ಮಕ್ಕೆ ಇಳಿದು ಕಪ್ಪಾಯಿತು. ಅದನ್ನು ಬಿಡಿಸಲೆಂದೇ 1991ರಿಂದ ಇಸ್ರೇಲಿನಲ್ಲಿ ಒಂದು ಪ್ರಯೋಗಾಲಯ ಕೆಲಸ ಮಾಡುತ್ತಿದೆ.

ಮುಚ್ಚುವುದು ಹೇಗೆ, ಯಾವಾಗ

ಲ್ಯಾಮಿನೇಷನ್ ಬೇಡ ಎಂದಾದರೆ ಏನು? ಲೈಬ್ರರಿ ಆಫ್ ಕಾಂಗ್ರೆಸ್ 1970ರ ದಶಕದ ಮೊದಲಲ್ಲಿ ಬೇರೆ ದಾರಿ ತೋರಿಸಿತು. ಎರಡು ಪಾಲಿಯೆಸ್ಟರ್ ಹಾಳೆಗಳ ನಡುವೆ ಕಾಗದ ಇಡುವುದು, ಅಂಚನ್ನು ಮಾತ್ರ ಸೇರಿಸುವುದು. ಕಾಗದಕ್ಕೆ ಅಂಟು ತಾಗುವುದೇ ಇಲ್ಲ. ಪಾಲಿಯೆಸ್ಟರಿನ ಸೆಳೆತವೇ ಕಾಗದವನ್ನು ಅಲುಗದಂತೆ ಹಿಡಿಯುತ್ತದೆ. ಬೇಡವೆಂದಾಗ ಕತ್ತರಿಯಿಂದ ಅಂಚು ಕತ್ತರಿಸಿದರೆ ಕಾಗದ ಹೇಗಿತ್ತೋ ಹಾಗೆ ಕೈಗೆ. ಇದಕ್ಕೆ ಎನ್‌ಕ್ಯಾಪ್ಸುಲೇಷನ್ ಎನ್ನುತ್ತಾರೆ.

ಇದರಲ್ಲೂ ಒಂದು ತೊಡಕು ಕಂಡಿತು. ಹುಳಿ ಇರುವ ಹಳೆಯ ಕಾಗದವನ್ನು ನಾಲ್ಕೂ ಬದಿ ಮುಚ್ಚಿದರೆ ಅದು ಬಿಡುವ ಆಮ್ಲ ಅದರ ಮೈಯಲ್ಲೇ ಉಳಿದು ತೆರೆದಿಟ್ಟದ್ದಕ್ಕಿಂತ ಬೇಗ ಹಾಳಾಗುತ್ತದೆ ಎಂದು ಅಲ್ಲಿನ ಪರೀಕ್ಷೆಗಳೇ ತೋರಿಸಿದವು. ಹಾಗಾಗಿ ಮೊದಲು ಕಾಗದದ ಹುಳಿ ತೆಗೆಯಬೇಕು, ಇಲ್ಲವೇ ಸುಣ್ಣದ ಅಂಶ ಇರುವ ಒಳ್ಳೆಯ ಕಾಗದವನ್ನು ಹಿಂದೆ ಇಡಬೇಕು, ಅಂಚನ್ನೂ ಪೂರ್ತಿ ಮುಚ್ಚಬಾರದು.

ಅಂಚು ತೆರೆದಿಡುವುದು ತೋಟದವರಿಗೆ ಹೊಸ ಬುದ್ಧಿ ಅಲ್ಲ. ಕೊಳೆರೋಗ ಬಾರದ ಹಾಗೆ ಅಡಿಕೆ ಗೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುವವರು ಕೆಳಗಿನ ಬಾಯಿ ತೆರೆದೇ ಬಿಡುತ್ತಾರೆ. ಮಳೆ ಮೇಲಿನಿಂದ ಬರುತ್ತದೆ, ಬೆವರು ಒಳಗಿನಿಂದ ಬರುತ್ತದೆ. ಎರಡಕ್ಕೂ ವ್ಯವಸ್ಥೆ ಬೇಕು. ನಾನು ಮನೆಗಳಿಗೆ ಹೇಳುವುದು ಇದನ್ನೇ: ಎರಡು ಬದಿ ಮಾತ್ರ ಸೇರಿಸಿ, ಎರಡು ಬದಿ ಬಿಡಿ.

ಯಾವಾಗ ಮಾಡಬೇಕು ಎಂಬುದು ಯಾವ ಫಿಲ್ಮ್ ಎಂಬಷ್ಟೇ ಮುಖ್ಯ ಎಂದು ನನ್ನ ಅಭಿಪ್ರಾಯ. ಯಾಕೋ ಇದನ್ನು ಯಾರೂ ಒತ್ತಿ ಹೇಳುವುದಿಲ್ಲ. ಕಾಸರಗೋಡಿನಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ. ಜುಲೈಯಲ್ಲಿ ಗಾಳಿಯ ತೇವಾಂಶ ಶೇಕಡಾ 85-90 ದಾಟುವುದು ಮಾಮೂಲು. ಶೇಕಡಾ 65-70ರ ಮೇಲೆ ಕೆಲವು ದಿನ ನಿಂತರೆ ಬೂಸ್ಟಿಗೆ ಸಾಕು. ಕಾಗದ ಸುಮ್ಮನೆ ಕೂತಲ್ಲೇ ನೀರು ಕುಡಿಯುತ್ತದೆ. ಒಣ ದಿನಗಳಲ್ಲಿ ಅದರೊಳಗೆ ಇರುವ ನೀರಿಗಿಂತ ಸುಮಾರು ಎರಡು ಪಟ್ಟು ನೀರು ಮಳೆಗಾಲದಲ್ಲಿ ಇರುತ್ತದೆ. ಆ ಹೊತ್ತಲ್ಲಿ ಹಿಡಿದು ಪ್ಲಾಸ್ಟಿಕ್ಕಿನೊಳಗೆ ಮುಚ್ಚಿದರೆ? ಸರಿಯಾಗಿ ಒಣಗದ ಅಡಿಕೆಯನ್ನು ಲೈನರ್ ಹಾಕಿದ ಗೋಣಿಗೆ ತುಂಬಿದ ಹಾಗೆ. ಹಲಸಿನ ಹಪ್ಪಳ ಡಬ್ಬಿಗೆ ತುಂಬುವ ಮೊದಲು ಅಮ್ಮಂದಿರು ಮುರಿದು ನೋಡುತ್ತಾರಲ್ಲ, ಟಪ್ ಎನ್ನಬೇಕು. ಕಾಗದವನ್ನು ಮುರಿದು ನೋಡುವ ಹಾಗಿಲ್ಲ. ಜನವರಿ, ಫೆಬ್ರವರಿಯ ಒಣ ಗಾಳಿಯಲ್ಲಿ, ನೆರಳಲ್ಲಿ, ನಾಲ್ಕು ದಿನ ಹರಡಿಟ್ಟು ಆಮೇಲೆ ಒಳಗೆ ಹಾಕಬೇಕು. ಮಾವನ ಹಾಳೆ ಲ್ಯಾಮಿನೇಷನ್ ಆದದ್ದು ಶಾಲೆ ಶುರುವಾಗುವ ಸಮಯ, ಜೂನಿನಲ್ಲಿ.

ತಾಳೆಗರಿಗೆ ಪ್ಲಾಸ್ಟಿಕ್ಕಿನ ಮಾತೇ ಬೇಡ ಎನ್ನುವವನು ನಾನು. ಕಂಟದಿಂದ, ಅಂದರೆ ಬರೆಯುವ ಕಬ್ಬಿಣದ ಮೊಳೆಯಿಂದ, ಕೊರೆದು ಮಸಿ ತುಂಬಿದ ಅಕ್ಷರ ಅದು, ಮೇಲೆ ತಲೆಮಾರುಗಳ ಎಣ್ಣೆ ಇದೆ. ಆ ಎಣ್ಣೆ ಪ್ಲಾಸ್ಟಿಕ್ಕಿಗೆ ಮೆತ್ತಿ ಧೂಳು ಹಿಡಿಯುತ್ತದೆ. ಗರಿ ಹವೆಗೆ ತಕ್ಕ ಹಾಗೆ ಹಿಗ್ಗಿ ಕುಗ್ಗುತ್ತದೆ, ಅದಕ್ಕೆ ಜಾಗ ಬೇಕು. ಮೇಲೆ ಕೆಳಗೆ ಮರದ ಪಟ್ಟಿ, ಗಂಜಿ ಹೋಗುವ ಹಾಗೆ ಒಗೆದ ಹತ್ತಿ ಬಟ್ಟೆ, ಬಿಗಿಯಾಗಿ ಕಟ್ಟಿದ ದಾರ. ಇಷ್ಟು ಅದನ್ನು ಇಲ್ಲಿಯ ತನಕ ತಂದಿದೆ. ಗರಿ ಒಡೆದಿದ್ದರೆ ತಿಳಿದವರ ಕೈಗೆ ಕೊಡಿ, ಟೇಪ್ ಹಚ್ಚಬೇಡಿ.

ಹಾಗಾದರೆ ಲೇಪ ಹಾಕಿದ ಫಿಲ್ಮಿಗೆ ಮ್ಯೂಸಿಯಂನಲ್ಲಿ ಜಾಗವೇ ಇಲ್ಲವಾ? ಇದೆ. ಸಿಲಿಕೋನ್ ಲೇಪದ ಪಾಲಿಯೆಸ್ಟರ್ ಮೇಲೆ ಗೋಂದು ಅಂಟುವುದಿಲ್ಲ, ಹಾಗಾಗಿ ಹರಿದ ಹಾಳೆ ರಿಪೇರಿ ಮಾಡುವ ಮೇಜಿನ ಮೇಲೆ ಅದು ಬೇಕೇ ಬೇಕು. ಕೆಲಸ ಮುಗಿದ ಮೇಲೆ ತೆಗೆಯಬೇಕು. ಅದರಲ್ಲೇ ಇಟ್ಟುಬಿಟ್ಟರೆ ಸಿಲಿಕೋನ್ ಕಾಗದಕ್ಕೆ ಇಳಿದು ಮುಂದೆ ಗೋಂದೇ ಹಿಡಿಯದ ಹಾಗೆ ಆಗಬಹುದು. ಹುಳ ಹಿಡಿದ ಪುಸ್ತಕವನ್ನು ಆಮ್ಲಜನಕ ಇಲ್ಲದ ಚೀಲದಲ್ಲಿ ಕೆಲವು ವಾರ ಇಟ್ಟು ಹುಳ ಸಾಯಿಸುವ ವಿಧಾನವಿದೆ. ಆ ಚೀಲಗಳಲ್ಲಿ ಅಲ್ಯೂಮಿನಿಯಂ ಅಥವಾ ಸೆರಾಮಿಕ್ ಪದರ ಇರುತ್ತದೆ, ಇಲ್ಲದಿದ್ದರೆ ಗಾಳಿ ತಡೆಯುವುದಿಲ್ಲ. ಆದರೆ ಆ ಪದರ ಬೇರೆ ಪ್ಲಾಸ್ಟಿಕ್ ಪದರಗಳ ನಡುವೆ ಅಡಗಿರುತ್ತದೆ, ಪುಸ್ತಕಕ್ಕೆ ತಾಗುವುದು ಬರೀ ಪಾಲಿಎಥಿಲೀನ್. ಕಿಟಕಿಯ ಗಾಜಿಗೆ ಹಚ್ಚುವ ಬಿಸಿಲು ತಡೆಯುವ ಫಿಲ್ಮ್ ಕೂಡ ಹಾಗೆಯೇ, ಗಾಜಿನ ಮೇಲಿದ್ದರೆ ಉಪಕಾರಿ. ಎಲ್ಲಿ ತಾಗುತ್ತದೆ, ಎಷ್ಟು ದಿನ ತಾಗುತ್ತದೆ, ಕೇಳಬೇಕಾದ್ದು ಇವೆರಡು.

ಪ್ರಯೋಗಾಲಯ ಇಲ್ಲದವರ ಪರೀಕ್ಷೆ

ದೊಡ್ಡ ಸಂಸ್ಥೆಗಳಲ್ಲಿ ಇದಕ್ಕೆ ಪರೀಕ್ಷೆಗಳಿವೆ. ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ 1973ರಲ್ಲಿ ಒಂದನ್ನು ರೂಪಿಸಿದರು. ಅದು ಈಗ ನಡೆಯುವುದು ಹೀಗೆ: ಗಾಜಿನ ಕೊಳವೆಯಲ್ಲಿ ಸಂಶಯದ ವಸ್ತುವಿನ ತುಂಡು, ಬೆಳ್ಳಿ, ತಾಮ್ರ, ಸೀಸದ ತಗಡು, ಸ್ವಲ್ಪ ನೀರು ಹಾಕಿ 60 ಡಿಗ್ರಿಯಲ್ಲಿ 28 ದಿನ ಇಡುತ್ತಾರೆ. ತಗಡು ಕಿಲುಬು ಹಿಡಿದರೆ ಆ ವಸ್ತು ಹೊರಗೆ. ಫೋಟೋಗಳಿಗೆ ಬೇರೆ ಪರೀಕ್ಷೆ ಇದೆ, 70 ಡಿಗ್ರಿಯಲ್ಲಿ 15 ದಿನ.

ಊರ ಗ್ರಂಥಾಲಯಕ್ಕೆ ಇದು ಆಗದ ಮಾತು. ಅಲ್ಲಿ ಮಾಡಬಹುದಾದ್ದು ಎರಡು. ಒಂದು ತುಂಡು ಪ್ಲಾಸ್ಟಿಕ್ಕನ್ನು ಸೋಪಿನ ಹನಿ ಹಾಕಿದ ನೀರಲ್ಲಿ ಮುಳುಗಿಸಿ ಬಿಡಿ. ಮೇಲೆ ಬಂದರೆ ಪಾಲಿಎಥಿಲೀನ್ ಅಥವಾ ಪಾಲಿಪ್ರೊಪಿಲೀನ್ ಆಗಿರಬಹುದು, ಲೇಪ ಇಲ್ಲದಿದ್ದರೆ ಅವೂ ಪರವಾಗಿಲ್ಲ. ಮುಳುಗಿದರೆ ಪಾಲಿಯೆಸ್ಟರ್ ಇರಬಹುದು, ಪಿವಿಸಿಯೂ ಇರಬಹುದು. ಆಗ ಎರಡನೆಯದು. ವಯರಿನ ತಾಮ್ರದ ತಂತಿಯನ್ನು ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ಪ್ಲಾಸ್ಟಿಕ್ಕಿಗೆ ಮುಟ್ಟಿಸಿ, ಮತ್ತೆ ಬೆಂಕಿಗೆ ಹಿಡಿಯಿರಿ. ಹಸಿರು ಜ್ವಾಲೆ ಬಂದರೆ ಕ್ಲೋರಿನ್ ಇದೆ ಎಂದು ಅರ್ಥ. ಪಿವಿಡಿಸಿ ಲೇಪವನ್ನೂ ಇದು ಹಿಡಿದುಕೊಡುತ್ತದೆ. ಮೊದಲು ಮಾತ್ರೆ ಸ್ಟ್ರಿಪ್ಪಿನ ತುಂಡಲ್ಲಿ ಮಾಡಿ ನೋಡಿದರೆ ಹಸಿರು ಹೇಗಿರುತ್ತದೆ ಎಂದು ಗೊತ್ತಾಗುತ್ತದೆ. ಅಂಗಳದಲ್ಲಿ ಮಾಡಿ, ತಂತಿಯನ್ನು ಇಕ್ಕಳದಲ್ಲಿ ಹಿಡಿಯಿರಿ, ಹೊಗೆ ಒಳ್ಳೆಯದಲ್ಲ. ಹಸಿರು ಬರಲಿಲ್ಲ ಎಂದ ಮಾತ್ರಕ್ಕೆ ಲೇಪವೇ ಇಲ್ಲ ಎಂದಲ್ಲ. ಎರಡೂ ಬದಿಗೆ ಒಂದೊಂದು ಹನಿ ನೀರು ಬಿಡಿ. ಒಂದು ಬದಿ ಹನಿ ಗುಂಡಗೆ ನಿಂತು ಇನ್ನೊಂದು ಬದಿ ಹರಡಿದರೆ ಆ ಬದಿಗೆ ಏನೋ ಮಾಡಿದ್ದಾರೆ ಎಂದೇ ಲೆಕ್ಕ.

ಆ ಹನ್ನೊಂದು ಹಾಳೆಗೆ ಈಗ ಮಾಡಲಿಕ್ಕೆ ಹೆಚ್ಚೇನೂ ಇಲ್ಲ. ಒಳ್ಳೆಯ ಬೆಳಕಲ್ಲಿ ಫೋಟೋ ತೆಗೆದಿದ್ದೇವೆ. ಬಿಡಿಸುವ ಸಾಹಸಕ್ಕೆ ಹೋಗಲಿಲ್ಲ. ಬೇರೆ ಹಾಳೆಗಳಿಂದ ದೂರ, ಬೇರೆ ಪೆಟ್ಟಿಗೆಯಲ್ಲಿ ಇಟ್ಟೆವು.

ಉಳಿದ ಹಾಳೆಗಳಿಗೆ ಸರಿಯಾದ ಫಿಲ್ಮ್ ತರುವ ಎಂದು ಮಂಗಳೂರಿನ ಒಬ್ಬ ವ್ಯಾಪಾರಿಗೆ ಫೋನ್ ಮಾಡಿದೆ. 75 ಮೈಕ್ರಾನ್ ಪಾಲಿಯೆಸ್ಟರ್, ಎರಡೂ ಬದಿ ಪ್ಲೇನ್, ಲೇಪ ಇಲ್ಲ, ಟ್ರೀಟ್‌ಮೆಂಟ್ ಇಲ್ಲ.

"ಎಂಥದ್ದೂ ಇಲ್ಲದ್ದು ಬೇಕಾ?" ಅಂದ ಆತ. "ಅದನ್ನು ಯಾರೂ ಕೇಳುವುದಿಲ್ಲ ಸರ್. ತರಿಸಬಹುದು, ಆದರೆ ಪೂರ್ತಿ ರೋಲು ತಗೊಳ್ಳಬೇಕಾಗುತ್ತದೆ."

ರೋಲಿನ ತೂಕ ಕೇಳಿ ನಾನು ಫೋನ್ ಇಟ್ಟೆ. ಮಾವ ಇಡಲಿಲ್ಲ. ಮೂರು ಮನೆ ಆಚೆಯ ಭಾಗವತರ ಹತ್ತಿರ ನಾಲ್ಕು ಪ್ರಸಂಗ ಇದೆಯಂತೆ. ಊರ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಕಟ್ಟು ಇದೆ. ದೇವಸ್ಥಾನದ ಲೆಕ್ಕಪುಸ್ತಕ ಬೇರೆ. ಹಳೆಯ ಕ್ಯಾಲೆಂಡರಿನ ಹಿಂದೆ ಮಾವ ಹೆಸರು ಬರೆದು, ಎದುರಿಗೆ ಹಾಳೆಗಳ ಲೆಕ್ಕ ಹಾಕುತ್ತಾ ಕೂತಿದ್ದಾರೆ. ಜನವರಿಯಲ್ಲಿ ಅಂಗಳ ತುಂಬ ಅಡಿಕೆ ಇರುತ್ತದೆ, ಜಗಲಿ ಖಾಲಿ ಇರುತ್ತದೆ, ಅಲ್ಲೇ ಕೂತು ಕತ್ತರಿಸುವ ಎನ್ನುತ್ತಾರೆ.